ಚಿಲಕ ಯಾರ ಕೈಯಲ್ಲಿದೆ?

ಕಳೆದ ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ, ಎರಡನೇ ವರ್ಷದ ಪದವಿ ಓದುತ್ತಿರುವ ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದಳು. ಅಮೆರಿಕದ ದಕ್ಷಿಣ ರಾಜ್ಯವೊಂದರ ಸರಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಸ್ಟೈಪೆಂಡ್ ಕೊಡುತ್ತಾರಾದ್ದರಿಂದ ಪದವಿ ತರಗತಿಗಳಿಗೆ ಪಾಠವನ್ನೂ ಮಾಡಬೇಕು, ಪೇಪರುಗಳನ್ನೂ ತಿದ್ದಬೇಕು. ಈಕೆಯ ಅಪ್ಪ ಅಮ್ಮ ಮೈಸೂರಿನ ಕಡೆಯವರು. ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ಅಮ್ಮನ ಜೊತೆ ಆಡುವಷ್ಟು ಕನ್ನಡ ಬರುತ್ತದೆ. ತರಗತಿಯಲ್ಲಿ ನನ್ನನ್ನು ಹೆಸರು ಹಿಡಿದೇ ಕರೆಯುವವಳು ಬಾಗಿಲು ಮುಚ್ಚಿದ ಮೇಲೆ "ಅಕ್ಕಾ, ಒಂದು ಹೆಲ್ಪ್ ಬೇಕಿತ್ತು" ಅಂದಳು.

ಅವಳು ಸೇರಿರುವ ಸೊರೋರಿಟಿ ಅವಳನ್ನು ಈ ವರ್ಷ 'ಡೈವರ್ಸಿಟಿ ಚೇರ್' ಮಾಡಿದೆ. ಅಂದರೆ ವೈವಿಧ್ಯದ ಉಸ್ತುವಾರಿ. ಇನ್ನೂರು ಚಿಲ್ಲರೆ ಹುಡುಗಿಯರಿರುವ ಆ ಸಂಘದಲ್ಲಿ ಬಿಳಿಯರಲ್ಲದವರನ್ನು ಎರಡು ಕೈಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಅವರಲ್ಲಿ ಕಪ್ಪು ಹುಡುಗಿ ಒಬ್ಬಳೇ. 'ನಮ್ಮ ಪಾಲಿಗೆ ವೈವಿಧ್ಯ ಎಂದರೇನು' ಅಂತ ಇನ್ನೂರು ಪದಗಳಲ್ಲಿ ಬರೆದುಕೊಡಬೇಕಂತೆ, ಶುಕ್ರವಾರದೊಳಗೆ. ಜೊತೆಗೆ ಒಂದು ಫೋಟೋ. "ಲೆಹಂಗಾ ಹಾಕಿಕೊಂಡಿರೋದು ಇದ್ರೆ ಒಳ್ಳೇದು ಅಂದ್ರು," ಅಂತ ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಆ ಇನ್ನೂರು ಪದಗಳನ್ನು ಬರೆದುಕೊಡಲು ನನ್ನಿಂದ ಆಗಲಿಲ್ಲ. ಈ ಬರಹ ಅದರ ಬದಲಿಗೆ. ಉದ್ದವಾಗಿದೆ, ಸ್ವಲ್ಪ ಸಿಟ್ಟೂ ಇದೆ.

ಸೊರೋರಿಟಿ ಅಂದರೇನು ಎಂದು ಊರಿನ ಓದುಗರಿಗೆ ಹೇಳಬೇಕು. ಸೊರೊರ್ ಅಂದರೆ ಲ್ಯಾಟಿನ್ನಿನಲ್ಲಿ ಸೋದರಿ. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಆಗತಾನೇ ತೆರೆದಿದ್ದ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಗಂಡಸರ ಫ್ರಾಟರ್ನಿಟಿಗಳು ತಮ್ಮನ್ನು ಸೇರಿಸಿಕೊಳ್ಳದಿದ್ದಾಗ, ಹುಡುಗಿಯರು ತಾವೇ ಕಟ್ಟಿಕೊಂಡ ಸಂಘಗಳಿವು. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ವಿಧಿಗಳು, ಸದಸ್ಯರು ಒಟ್ಟಿಗೆ ವಾಸಿಸುವ ದೊಡ್ಡ ಮನೆ. ಈ ಮನೆಗಳನ್ನು ನೀವು ನೋಡಬೇಕು. ಎತ್ತರದ ಬಿಳಿ ಕಂಬಗಳು, ಮುಂದೆ ಕತ್ತರಿಸಿಟ್ಟ ಹುಲ್ಲು, ಥೇಟ್ ಹಳೆಯ ತೋಟದ ಯಜಮಾನರ ಬಂಗಲೆಗಳ ಹಾಗೆ. ಆ ಬಂಗಲೆಗಳ ಹೊಲದಲ್ಲಿ ಯಾರು ಹತ್ತಿ ಬಿಡಿಸುತ್ತಿದ್ದರು ಎಂಬುದನ್ನು ಇಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಇಂಥ 26 ಸಂಘಗಳ ಒಕ್ಕೂಟಕ್ಕೆ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂದು ಹೆಸರು. ಅದು ಶುರುವಾದದ್ದು 1902ರಲ್ಲಿ.

ಸೇರುವುದು ಹೇಗೆ? ದಕ್ಷಿಣದ ಕಾಲೇಜುಗಳಲ್ಲಿ ಆಗಸ್ಟ್ ಬಂತೆಂದರೆ 'ರಷ್' ಶುರು. ಹೊಸ ಹುಡುಗಿಯರು ಗುಂಪಾಗಿ ಮನೆಯಿಂದ ಮನೆಗೆ ಹೋಗುತ್ತಾರೆ. ಒಳಗಿನವರು ಹಾಡಿ, ಚಪ್ಪಾಳೆ ತಟ್ಟಿ ಬರಮಾಡಿಕೊಂಡು ನಾಲ್ಕು ಮಾತಾಡಿಸುತ್ತಾರೆ. ರಾತ್ರಿ ಕೂತು ಅಂಕ ಹಾಕುತ್ತಾರೆ. ದಿನದಿನಕ್ಕೆ ಪಟ್ಟಿ ಸಣ್ಣದಾಗುತ್ತದೆ. ಕೊನೆಯ ದಿನ ಒಂದು ಲಕೋಟೆ. ಅದರಲ್ಲಿ ಯಾವುದೋ ಒಂದು ಮನೆಯ ಆಹ್ವಾನ, ಅದಕ್ಕೆ 'ಬಿಡ್' ಅನ್ನುತ್ತಾರೆ. 2021ರಿಂದ ಈಚೆಗೆ ಅಲಬಾಮಾದ ರಷ್ ವಿಡಿಯೋಗಳು ಟಿಕ್‌ಟಾಕ್‌ನಲ್ಲಿ ಜಗತ್ತಿಗೇ ಮನರಂಜನೆಯಾಗಿವೆ: ಇವತ್ತು ತೊಟ್ಟ ಉಡುಪು ಎಲ್ಲಿಯದು, ಕಿವಿಯೋಲೆ ಎಲ್ಲಿಯದು. ಬೇಡವೆನಿಸಿಕೊಂಡ ಹುಡುಗಿಗೆ ಯಾಕೆ ಬೇಡ ಎಂದು ಯಾರೂ ಹೇಳುವುದಿಲ್ಲ. ಕೇಳುವ ಹಾಗೂ ಇಲ್ಲ. ನನ್ನ ವಾದಕ್ಕೆಲ್ಲ ಇದೇ ಬುಡ. ಇದನ್ನು ನೆನಪಿಟ್ಟುಕೊಳ್ಳಿ.

2013ರ ಸೆಪ್ಟೆಂಬರ್ 11ರಂದು ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆ 'ದಿ ಕ್ರಿಮ್ಸನ್ ವೈಟ್' ಒಂದು ವರದಿ ಪ್ರಕಟಿಸಿತು. ಬರೆದವರು ಇಬ್ಬರು ವಿದ್ಯಾರ್ಥಿ ವರದಿಗಾರರು. ಆ ವರ್ಷ ರಷ್‌ಗೆ ಬಂದಿದ್ದ ಒಬ್ಬ ಕಪ್ಪು ಹುಡುಗಿಯ ಕಥೆ ಅದು. ಹೈಸ್ಕೂಲಿನಲ್ಲಿ ಎರಡನೇ ರ‍್ಯಾಂಕು. ಮನೆಯವರಲ್ಲೊಬ್ಬರು ಅದೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿದ್ದವರು, ನ್ಯಾಯಾಧೀಶರಾಗಿದ್ದವರು. ಅಂಕ, ಮನೆತನ, ಶಿಫಾರಸು ಎಂದು ಈ ಮನೆಗಳು ಏನೇನು ಕೇಳುತ್ತವೋ ಅದೆಲ್ಲ ಅವಳಲ್ಲಿತ್ತು. ಆದರೂ ಹದಿನಾರು ಮನೆಗಳಲ್ಲಿ ಒಂದೂ ಅವಳನ್ನು ಕರೆಯಲಿಲ್ಲ.

ಇದರಲ್ಲಿ ಹೊಸದೇನಿದೆ, ದಕ್ಷಿಣ ಇರುವುದೇ ಹಾಗೆ ಅನ್ನಬಹುದು. ಹೊಸದು ಇದ್ದದ್ದು ವಿವರದಲ್ಲಿ. ಒಂದು ಮನೆಯ ಬಿಳಿ ಹುಡುಗಿಯೊಬ್ಬಳು ತನ್ನ ಹೆಸರು ಹಾಕಿಯೇ ಪತ್ರಿಕೆಯ ಮುಂದೆ ಬಾಯಿಬಿಟ್ಟಳು. ಒಳಗಿದ್ದ ಹುಡುಗಿಯರಲ್ಲಿ ಹಲವರಿಗೆ ಆ ಹೊಸಬಳು ಬೇಕಾಗಿದ್ದಳು. ತಡೆದವರು ಹಳೆಯ ವಿದ್ಯಾರ್ಥಿನಿಯರು. ಎಂದೋ ಓದಿ ಮುಗಿಸಿ ಹೋದ, ಈಗ ಸಲಹೆಗಾರರೆಂಬ ಹೆಸರಿನಲ್ಲಿ ಮನೆಯ ಮೇಲೆ ಹಿಡಿತವಿಟ್ಟುಕೊಂಡಿರುವ ಹೆಂಗಸರು. ಕೊಟ್ಟ ಕಾರಣ ಚರ್ಮದ ಬಣ್ಣವಲ್ಲ. ಶಿಫಾರಸು ಪತ್ರದ ನಿಯಮ ಸರಿಹೊಂದಲಿಲ್ಲವಂತೆ.

ಶಿಫಾರಸು ಪತ್ರವನ್ನು ಯಾರು ಬರೆಯಬೇಕು? ಅದೇ ಸಂಘದ ಹಳೆಯ ಸದಸ್ಯೆ ಬರೆಯಬೇಕು. ಹಳೆಯ ಸದಸ್ಯೆಯರು ಯಾರು? ಬಿಳಿಯರು. ಯಾಕೆ ಬಿಳಿಯರು ಮಾತ್ರ? ಯಾಕೆಂದರೆ ಆಗ ಕಪ್ಪು ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 'ಕರಿಯರಿಗೆ ಪ್ರವೇಶವಿಲ್ಲ' ಎಂಬ ಫಲಕವನ್ನು ಕಿತ್ತು ಬಿಸಾಡಿದ ಮೇಲೂ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುವ ನಿಯಮ ಇದು. ಇದನ್ನು ಪಾಲಿಸುವವಳು ಮನಸ್ಸಿನಲ್ಲಿ ಯಾವ ದ್ವೇಷವನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಅವಳು ತುಂಬ ಒಳ್ಳೆಯವಳೇ ಇರಬಹುದು. ಭಾನುವಾರ ಚರ್ಚಿಗೆ ಹೋಗಬಹುದು, ಕಾಯಿಲೆ ಮಕ್ಕಳಿಗೆಂದು ಚಂದಾ ಎತ್ತಬಹುದು. ನಿಯಮ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿರುತ್ತದೆ.

ವರದಿಯಿಂದ ಗದ್ದಲವಾಯಿತು. ಒಂದು ವಾರಕ್ಕೆ ಸರಿಯಾಗಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಗ್ರಂಥಾಲಯದ ಮೆಟ್ಟಿಲಿನಿಂದ ಆಡಳಿತ ಕಚೇರಿಯವರೆಗೆ ಮೆರವಣಿಗೆ ಹೋದರು. ಕುಲಪತಿ ಜೂಡಿ ಬಾನರ್ ಆಯ್ಕೆಯನ್ನು ಮತ್ತೆ ತೆರೆಸಿದರು. ಬೆರಳೆಣಿಕೆಯ ಕಪ್ಪು ಹುಡುಗಿಯರು ಒಳಗೆ ಹೋದರು. ಅದೇ ಆವರಣದಲ್ಲಿ 1963ರ ಜೂನ್ 11ರಂದು ಗವರ್ನರ್ ಜಾರ್ಜ್ ವಾಲೇಸ್, ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ದಾಖಲಾಗದಂತೆ ಬಾಗಿಲಿಗೆ ಅಡ್ಡ ನಿಂತಿದ್ದ. ತರಗತಿಯ ಬಾಗಿಲಿಂದ ಊಟದ ಮನೆಯ ಬಾಗಿಲಿಗೆ ಬರಲು ಐವತ್ತು ವರ್ಷ ಬೇಕಾಯಿತು. ಆಮೇಲೆ ಎಲ್ಲ ಸರಿಹೋಯಿತೇ ಎಂದು ಕೇಳಿದರೆ, 2018ರ ಜನವರಿಯಲ್ಲಿ ಅದೇ ವಿಶ್ವವಿದ್ಯಾಲಯದ ಒಂದು ಸೊರೋರಿಟಿಯ ಹುಡುಗಿ, ಅದೂ ಮಾರ್ಟಿನ್ ಲೂಥರ್ ಕಿಂಗ್ ಅವರ ನೆನಪಿನ ದಿನ, ಕರಿಯರಿಗೆ ಬಳಸುವ ಹೊಲಸು ಪದವನ್ನು ಮತ್ತೆ ಮತ್ತೆ ಹೇಳಿ ವಿಡಿಯೋ ಹಾಕಿದಳು. ಅವಳನ್ನು ಸಂಘದಿಂದಲೂ ವಿಶ್ವವಿದ್ಯಾಲಯದಿಂದಲೂ ಹೊರಗೆ ಹಾಕಿದರು.

ನಾನು ಇಲ್ಲಿ ನೋಡಿದ ಮಟ್ಟಿಗೆ ಇಂಥವಳನ್ನು ಹೊರಗೆ ಹಾಕುವುದು ಎಲ್ಲರಿಗೂ ಸುಲಭ. ಕ್ಯಾಮೆರಾದ ಮುಂದೆ ಬೈದವಳು ಸಿಕ್ಕಿಬೀಳುತ್ತಾಳೆ, ಎಲ್ಲರೂ ಛೀ ಅನ್ನುತ್ತಾರೆ, ಮನೆ ಶುದ್ಧವಾಯಿತು ಎಂದುಕೊಳ್ಳುತ್ತಾರೆ. ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಐದಕ್ಕೆ ಎರಡು ಅಂಕ ಒತ್ತಿದವಳು ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಇದು ಅಲಬಾಮಾದ ಮಾತು ಮಾತ್ರ ಅಂದುಕೊಳ್ಳಬೇಡಿ. ಉತ್ತರದವರಿಗೆ ದಕ್ಷಿಣವನ್ನು ತೋರಿಸಿ ಮೂಗುಮುರಿಯುವ ಅಭ್ಯಾಸವಿದೆ. 1956ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ಮತ್ತು ಬಾಸ್ಟನ್ ಬಳಿಯ ಟಫ್ಟ್ಸ್‌ನಲ್ಲಿದ್ದ ಸಿಗ್ಮಾ ಕಪ್ಪಾ ಸಂಘದ ಎರಡು ಶಾಖೆಗಳು ಕಪ್ಪು ಹುಡುಗಿಯರನ್ನು ಸೇರಿಸಿಕೊಂಡವು. ರಾಷ್ಟ್ರೀಯ ಸಂಘ ಆ ಹುಡುಗಿಯರನ್ನು ತೆಗೆಯಿರಿ ಎನ್ನಲಿಲ್ಲ. ಎರಡು ಶಾಖೆಗಳ ಮಾನ್ಯತೆಯನ್ನೇ ಕಿತ್ತುಕೊಂಡಿತು. ಸಂಘದ ಒಟ್ಟು ಹಿತಕ್ಕಾಗಿ ಎಂಬ ಧಾಟಿಯ ಕಾರಣ ಬಿಟ್ಟರೆ ಬೇರೆ ಕಾರಣವಿಲ್ಲ. ಇಲ್ಲೂ ನೋಡಿ, ಮನೆಯೊಳಗಿನ ಹುಡುಗಿಯರು ಬಾಗಿಲು ತೆಗೆದಿದ್ದರು. ಚಿಲಕ ಬೇರೆಯವರ ಕೈಯಲ್ಲಿತ್ತು.

"ಗೆಳೆತನವನ್ನು ಕಾನೂನಿನಿಂದ ಹೇರಲಾಗುತ್ತದೆಯೇ? ನನ್ನ ಮನೆಗೆ ಯಾರನ್ನು ಕರೆಯಬೇಕೆಂದು ನಾನೇ ತೀರ್ಮಾನಿಸುತ್ತೇನೆ" ಎಂಬ ವಾದವನ್ನು ನನ್ನ ತರಗತಿಯಲ್ಲೇ ವರ್ಷಕ್ಕೊಮ್ಮೆ ಕೇಳುತ್ತೇನೆ. ಹೇಳುವವರು ಕೆಟ್ಟವರಲ್ಲ. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ದೊಡ್ಡದೇ. ಆದರೆ ಆ ಸ್ವಾತಂತ್ರ್ಯಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ ಗಟ್ಟಿ ಬುನಾದಿ ಹಾಕಿದ್ದು ಯಾವ ಮೊಕದ್ದಮೆಯಲ್ಲಿ ಗೊತ್ತೇ? 1958ರಲ್ಲಿ, ಇದೇ ಅಲಬಾಮಾ ರಾಜ್ಯದ ವಿರುದ್ಧ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ಸದಸ್ಯರ ಪಟ್ಟಿಯನ್ನು ಒಪ್ಪಿಸಿ ಎಂದು ರಾಜ್ಯ ಕೇಳಿತ್ತು. ಪಟ್ಟಿ ಕೈಗೆ ಸಿಕ್ಕಿದರೆ ಕೆಲಸ ಹೋಗುತ್ತದೆ, ಮನೆಗೆ ಬೆಂಕಿ ಬೀಳುತ್ತದೆ. ಹಾಗಾಗಿ ಕೊಡಬೇಕಾಗಿಲ್ಲ ಎಂದು ಕೋರ್ಟ್ ಒಮ್ಮತದಿಂದ ಹೇಳಿತು. ಹೆದರಿ ಗುಟ್ಟಾಗಿ ಸೇರುತ್ತಿದ್ದವರ ಜೀವ ಉಳಿಸಲು ಬಂದ ಹಕ್ಕನ್ನು, ಯಾರಿಗೂ ಹೆದರಬೇಕಾಗಿಲ್ಲದವರು ಇಂದು ತಮ್ಮ ಅಂಕಪಟ್ಟಿಯ ಮೇಲೆ ಹೊದಿಸುತ್ತಾರೆ.

ಇನ್ನು ಗೆಳೆತನದ ವಿಚಾರ. ಇದು ನಾಲ್ಕು ಜನ ಸೇರಿ ಕಾಫಿ ಕುಡಿಯುವ ಮಾತಾಗಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಹಲವು ಕಡೆ ಈ ಮನೆಗಳು ನಿಂತಿರುವುದು ಸರಕಾರಿ ವಿಶ್ವವಿದ್ಯಾಲಯದ ಆವರಣದಲ್ಲಿ. ರಷ್ ನಡೆಯುವುದು ವಿಶ್ವವಿದ್ಯಾಲಯದ ಕಚೇರಿಯ ಮೇಲ್ವಿಚಾರಣೆಯಲ್ಲಿ. ಅಲಬಾಮಾದಲ್ಲಿ 'ದಿ ಮಷೀನ್' ಎಂದು ಕರೆಯಲಾಗುವ ಗ್ರೀಕ್ ಸಂಘಗಳ ಗುಪ್ತ ಕೂಟ ದಶಕಗಳಿಂದ ವಿದ್ಯಾರ್ಥಿ ಚುನಾವಣೆಗಳನ್ನು ಆಡಿಸಿದೆ. ಅಲ್ಲಿ ಪಳಗಿದವರು ಮುಂದೆ ರಾಜ್ಯದ ರಾಜಕೀಯಕ್ಕೂ ಬಂದಿದ್ದಾರೆ. ಬೇಸಿಗೆ ಕೆಲಸ, ವಕೀಲರ ಕಚೇರಿಯಲ್ಲಿ ಪರಿಚಯ, ಮದುವೆ ಎಲ್ಲಕ್ಕೂ ದಾರಿ ಈ ಊಟದ ಮೇಜಿನಿಂದಲೇ. ನಮ್ಮಲ್ಲಿ ಇದಕ್ಕೆ ಒಂದು ಪದವಿದೆ, ಪಂಕ್ತಿ. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎನ್ನುವುದು ಬರೀ ಊಟದ ವಿಷಯ ಎಂದು ಕನ್ನಡಿಗರು ಯಾರೂ ನಂಬುವುದಿಲ್ಲ.

ಈಗ ಆ ಹುಡುಗಿ ಕೇಳಿದ ಪದಕ್ಕೆ ಬರೋಣ. ಡೈವರ್ಸಿಟಿ.

ಈ ಪದ ಕ್ಯಾಂಪಸ್ಸಿನ ಮಂತ್ರವಾದದ್ದಕ್ಕೆ ಒಂದು ತಾರೀಕು ಇದೆ. 1978, ಬಕ್ಕಿ ಮೊಕದ್ದಮೆ. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜು 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ಸಮುದಾಯಗಳಿಗೆ ಬೇರೆಯಾಗಿ ತೆಗೆದಿಟ್ಟಿತ್ತು. ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಾವು ಇದನ್ನು ಮೀಸಲಾತಿ ಅನ್ನುತ್ತೇವೆ. ಸೀಟು ಸಿಗದ ಬಿಳಿಯ ಅಭ್ಯರ್ಥಿ ಕೋರ್ಟಿಗೆ ಹೋದ. ಗುಲಾಮಗಿರಿಯಿಂದ ಹಿಡಿದು ನಡೆದುಬಂದ ಅನ್ಯಾಯದ ಲೆಕ್ಕವನ್ನು ನ್ಯಾಯಮೂರ್ತಿ ಥರ್‌ಗುಡ್ ಮಾರ್ಷಲ್ ತಮ್ಮ ಅಭಿಪ್ರಾಯದಲ್ಲಿ ಬಿಡಿಸಿ ಬರೆದರು. ಆದರೆ ನಿರ್ಣಾಯಕವಾದದ್ದು ನ್ಯಾಯಮೂರ್ತಿ ಲೂಯಿಸ್ ಪವೆಲ್ ಅವರ ಅಭಿಪ್ರಾಯ. ಸಮಾಜ ಹಿಂದೆ ಮಾಡಿದ ಅನ್ಯಾಯವನ್ನು ಸರಿಪಡಿಸಲು ಸೀಟು ಕಾದಿಡುವಂತಿಲ್ಲ; ಬೇರೆ ಬೇರೆ ಹಿನ್ನೆಲೆಯವರು ತರಗತಿಯಲ್ಲಿದ್ದರೆ ಎಲ್ಲರ ಕಲಿಕೆಗೂ ಒಳ್ಳೆಯದಾದ್ದರಿಂದ ಜನಾಂಗವನ್ನು ಹಲವು ಅಂಶಗಳಲ್ಲೊಂದಾಗಿ ಗಮನಿಸಬಹುದು ಎಂದರು.

ಎಷ್ಟು ಮೆತ್ತಗೆ ನೆಲವೇ ಸರಿದುಹೋಯಿತು ನೋಡಿ. ಸಾಲ ತೀರಿಸುವ ಮಾತು ಹೋಗಿ ಊಟಕ್ಕೆ ರುಚಿ ಕೂಡಿಸುವ ಮಾತು ಬಂತು. ಕಪ್ಪು ವಿದ್ಯಾರ್ಥಿ ಕಾಲೇಜಿಗೆ ಬರಬೇಕಾದದ್ದು ಅವಳ ಹಕ್ಕು ಎಂಬ ಕಾರಣಕ್ಕಲ್ಲ, ಅವಳ ಪಕ್ಕ ಕೂತ ಬಿಳಿ ವಿದ್ಯಾರ್ಥಿಯ ಅನುಭವ ಶ್ರೀಮಂತವಾಗುತ್ತದೆ ಎಂಬ ಕಾರಣಕ್ಕೆ. ಕೋಸಂಬರಿಗೆ ತುರಿದು ಹಾಕುವ ಕ್ಯಾರೆಟ್ ಇದ್ದ ಹಾಗೆ. ಆಮೇಲೆ ನಲವತ್ತೈದು ವರ್ಷ ಈ ಪದದ ಮೇಲೆಯೇ ಇಡೀ ಕಟ್ಟಡ ನಿಂತಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಹಾಗೆ ಪರಿಗಣಿಸುವುದನ್ನೂ ನಿಲ್ಲಿಸಿತು. 2024ರಲ್ಲಿ ಅಲಬಾಮಾ ರಾಜ್ಯ ಸರಕಾರಿ ಕಾಲೇಜುಗಳ ವೈವಿಧ್ಯ ಕಚೇರಿಗಳನ್ನೇ ಮುಚ್ಚಿಸುವ ಕಾನೂನು ಮಾಡಿತು. ಸಾಲವಾಗಿದ್ದರೆ ತೀರುವ ತನಕ ಕೇಳಬಹುದಿತ್ತು. ರುಚಿ ನೋಡಿ, ಬೇಡ ಅನ್ನಿಸಿದ ದಿನ ಬಿಟ್ಟುಬಿಡಬಹುದು.

ಸೊರೋರಿಟಿಗಳಿಗೆ ಈ ಪದ ಜೋರಾಗಿ ಬಂದು ಹೊಡೆದದ್ದು 2020ರ ಬೇಸಿಗೆಯಲ್ಲಿ. ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ ವ್ಯಾಂಡರ್‌ಬಿಲ್ಟ್, ಡ್ಯೂಕ್ ಮೊದಲಾದ ಕಡೆ ಈ ಸಂಘಗಳನ್ನೇ ಮುಚ್ಚಿ ಎಂಬ ಕೂಗೆದ್ದಿತು. ಸದಸ್ಯರೇ ರಾಜೀನಾಮೆ ಕೊಟ್ಟು ಹೊರಬಂದು ಒಳಗಿನ ಕಥೆಗಳನ್ನು ಹೇಳಿದರು. ಕೆಲವು ರಾಷ್ಟ್ರೀಯ ಸಂಘಗಳು ಅಮ್ಮ, ಅಕ್ಕ, ಅಜ್ಜಿ ಸದಸ್ಯೆಯಾಗಿದ್ದರೆ ಕೊಡುತ್ತಿದ್ದ ಆದ್ಯತೆಯನ್ನು ತೆಗೆದುಹಾಕಿದವು. ಇದು ನಿಜವಾದ ಕೆಲಸ. ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, 'ಡೈವರ್ಸಿಟಿ ಚೇರ್'. ಮತ ಒಂದೇ, ಅಧಿಕಾರ ಇಲ್ಲ, ಬಜೆಟ್ಟು ದೀಪಾವಳಿ ಸಂಜೆಯ ಸಮೋಸಕ್ಕೆ ಸಾಲುವಷ್ಟು. ಮನೆಯಲ್ಲಿ ಯಾರು ಕಮ್ಮಿ ಇದ್ದಾರೋ ಅವರಿಗೇ 'ನೀವು ಯಾಕೆ ಕಮ್ಮಿ ಇದ್ದೀರಿ ಎಂದು ಚಂದವಾಗಿ ಬರೆದುಕೊಡಿ' ಎಂದು ಕೆಲಸ ವಹಿಸುವುದು.

"ಕಪ್ಪು ಹುಡುಗಿಯರಿಗೂ ಅವರದೇ ಸೊರೋರಿಟಿಗಳಿವೆಯಲ್ಲ, ಅದು ಜನಾಂಗಭೇದವಲ್ಲವೇ?" ಈ ಪ್ರಶ್ನೆ ಬಂದೇ ಬರುತ್ತದೆ, ಕನ್ನಡ ಕೂಟದ ಊಟದ ಸಾಲಿನಲ್ಲೂ ಬಂದಿದೆ. ಇವೆ. ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ, ಡೆಲ್ಟಾ ಸಿಗ್ಮಾ ಥೀಟಾ 1913ರಲ್ಲಿ, ಎರಡೂ ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದವು. ಡೆಲ್ಟಾದ ಹುಡುಗಿಯರು ಸಂಘ ಕಟ್ಟಿ ಎರಡು ತಿಂಗಳೂ ಆಗಿರಲಿಲ್ಲ, ಮಾರ್ಚ್ 3ರಂದು ಮಹಿಳೆಯರ ಮತದ ಹಕ್ಕಿಗಾಗಿ ನಡೆದ ದೊಡ್ಡ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಕಪ್ಪು ಹೆಂಗಸರು ಹಿಂದೆ ಬರಲಿ ಎಂದು ಬಿಳಿಯ ಸಂಘಟಕರು ಹೇಳಿದ ಮೆರವಣಿಗೆ ಅದು. ಪಂಕ್ತಿಭೇದ ಬೀದಿಯಲ್ಲೂ ಇತ್ತು. ಜೋರಾ ನೀಲ್ ಹರ್ಸ್ಟನ್ ಜೀಟಾ ಫೈ ಬೀಟಾದವರು, ಟೋನಿ ಮಾರಿಸನ್ ಆಲ್ಫಾ ಕಪ್ಪಾ ಆಲ್ಫಾದವರು. ಹೊರಗಿಟ್ಟವರು ತಾವೇ ಒಲೆ ಹೂಡಿಕೊಂಡರೆ ಅದನ್ನು ಬೇಲಿ ಅನ್ನುವುದು ಯಾವ ನ್ಯಾಯ?

ಏಷ್ಯಾದವರ ಕಥೆಯೂ ಇದೇ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಪಾನಿ ಮೂಲದ ಹುಡುಗಿಯರು 1920ರ ದಶಕದ ಕೊನೆಯಲ್ಲಿ ಕೈ ಆಲ್ಫಾ ಡೆಲ್ಟಾ ಕಟ್ಟಿದರು. ಸೊರೋರಿಟಿಗಳ ಸಾಲಿನಲ್ಲಿ ಮನೆ ಕೊಳ್ಳಲು ಬಿಳಿಯರಿಗೆ ಮಾತ್ರ ಎಂಬ ಆಸ್ತಿಪತ್ರಗಳ ಕಟ್ಟಳೆ ಅಡ್ಡ ಬಂತು. ಎರಡನೇ ಮಹಾಯುದ್ಧದಲ್ಲಿ ಸದಸ್ಯೆಯರನ್ನೇ ಬಂಧನ ಶಿಬಿರಗಳಿಗೆ ಸಾಗಿಸಿದ್ದರಿಂದ ಸಂಘವೇ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ಎದ್ದಿತು.

ಹಾಗೆಂದು ಹೊರಗಿಟ್ಟವರು ಕಟ್ಟಿದ ಮನೆಯಲ್ಲಿ ಭೇದವೇ ಇರುವುದಿಲ್ಲ ಎಂದೂ ನಾನು ಹೇಳಲಾರೆ. ಕಪ್ಪು ಕಾಲೇಜುಗಳ ಗ್ರೀಕ್ ಸಂಘಗಳಲ್ಲಿ ತಿಳಿ ಚರ್ಮ, ಕಡು ಚರ್ಮದ ಜಗಳವನ್ನು ಸ್ಪೈಕ್ ಲೀ 1988ರಷ್ಟು ಹಿಂದೆಯೇ 'ಸ್ಕೂಲ್ ಡೇಜ್' ಸಿನಿಮಾದಲ್ಲಿ ಬಯಲಿಗಿಟ್ಟ. ಮನೆಮಂದಿಯ ಬೈಗುಳ ತಿಂದೇ ಇಟ್ಟ.

ನಮ್ಮವರು ಎಲ್ಲಿದ್ದಾರೆ? 2020ರ ಆಗಸ್ಟ್‌ನಲ್ಲಿ ಉಪಾಧ್ಯಕ್ಷೆಯ ಅಭ್ಯರ್ಥಿಯಾಗಿ ಕಮಲಾ ಹ್ಯಾರಿಸ್ ಮಾಡಿದ ಭಾಷಣದಲ್ಲಿ ತಮ್ಮ ಚಿತ್ತಿಯರನ್ನೂ ನೆನೆದರು, ಆಲ್ಫಾ ಕಪ್ಪಾ ಆಲ್ಫಾದ ಸೋದರಿಯರನ್ನೂ ನೆನೆದರು. ನಮ್ಮ ಪತ್ರಿಕೆಗಳು, ವಾಟ್ಸಾಪ್ ಗುಂಪುಗಳು ಚಿತ್ತಿಯನ್ನು ಎತ್ತಿ ಕುಣಿದಾಡಿದವು. ಸೋದರಿಯರ ಮಾತು ಯಾರ ಕಿವಿಗೂ ಬೀಳಲಿಲ್ಲ. ಶ್ಯಾಮಲಾ ಗೋಪಾಲನ್ ಅವರ ಮಗಳು 1986ರಲ್ಲಿ ಸೇರಲು ಆರಿಸಿಕೊಂಡದ್ದು ಕಪ್ಪು ಹೆಂಗಸರು ಕಟ್ಟಿದ ಮನೆಯನ್ನು ಎಂಬುದು ನಮಗೆ ಅಷ್ಟು ರುಚಿಸುವ ಸುದ್ದಿಯಲ್ಲ.

ನಮ್ಮ ಈ ಗುಣ ಹಳೆಯದು. 1923ರಲ್ಲಿ ಭಗತ್ ಸಿಂಗ್ ತಿಂಡ್ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಪೌರತ್ವ ಕೇಳುತ್ತ ಮುಂದಿಟ್ಟ ವಾದ 'ಎಲ್ಲರಿಗೂ ಪೌರತ್ವ ಕೊಡಿ' ಎಂದಲ್ಲ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೇ ಎಂದು. ಕೋರ್ಟ್ ಒಪ್ಪಲಿಲ್ಲ. ಜಾತಿಯ ಚೀಟಿ ತೋರಿಸಿ ಬಣ್ಣದ ಗೇಟು ದಾಟುವ ಆ ಆಸೆ ಮಾತ್ರ ಕೋರ್ಟಿನಲ್ಲಿ ಸೋತರೂ ಸಾಯಲಿಲ್ಲ. ಈ ಹುಡುಗಿಯ ಅಮ್ಮ ಯುಗಾದಿ ಊಟದ ದಿನ ನನ್ನ ಪಕ್ಕ ಕೂತು ಅಂದದ್ದು: "ನೋಡಮ್ಮ, ಇಂಡಿಯನ್ ಹುಡುಗೀರದೂ ಒಂದು ಸೊರೋರಿಟಿ ಇದೆಯಂತೆ. ನಾವೇ ಬೇಡ ಅಂದ್ವಿ. ಅವರವರ ಮಧ್ಯೆನೇ ಇದ್ದರೆ ಏನು ಬಂತು? ಇಲ್ಲಾದ್ರೆ ಒಳ್ಳೊಳ್ಳೆ ಮನೆತನದವರು, ಮುಂದೆ ಕೆಲಸಕ್ಕೆ ಅನುಕೂಲ." ನಾನು "ಹೌದು ಆಂಟಿ" ಅಂದೆ. ಆಗಲೇ ಏನಾದರೂ ಹೇಳಬೇಕಿತ್ತು. ಹೋಳಿಗೆ ತಿನ್ನುತ್ತಿದ್ದೆ.

ದಕ್ಷಿಣ ಏಷ್ಯಾದ ಹುಡುಗಿಯರ ಸಂಘಗಳು 1990ರ ದಶಕದ ಕೊನೆಯಲ್ಲಿ ಟೆಕ್ಸಾಸ್, ನ್ಯೂಯಾರ್ಕ್‌ಗಳಲ್ಲಿ ಹುಟ್ಟಿದವು. ಬಿಳಿ ಮನೆಗಳಲ್ಲಿ ಜಾಗ ಕಾಣದವರಿಗೆ ಅವು ಆಸರೆಯಾದವು. ಆ ಸಂಘಗಳಿಗೂ ಒಂದು ಪ್ರಶ್ನೆ ಬಾಕಿ ಇದೆ. 2019ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ, 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ತಾರತಮ್ಯ ನಿಷೇಧದ ನಿಯಮಕ್ಕೆ ಜಾತಿಯನ್ನೂ ಸೇರಿಸಿದವು. ಅದನ್ನು ವಿರೋಧಿಸಿ ಸಹಿ ಹಾಕಿದವರಲ್ಲಿ ನಮ್ಮವರೇ ಬಹಳ. ಬಣ್ಣದ ವಿಷಯಕ್ಕೆ ವೈವಿಧ್ಯ ಬೇಕು, ಜಾತಿಯ ವಿಷಯಕ್ಕೆ 'ಅದೆಲ್ಲ ಈಗ ಎಲ್ಲಿದೆ' ಎನ್ನಬೇಕು.

ಇದನ್ನೆಲ್ಲ ಆವೇಶದಿಂದ ಹೇಳುತ್ತಿದ್ದಾಗ ಆ ಹುಡುಗಿ ತಣ್ಣಗೆ ಕೇಳಿದಳು: "ಅಕ್ಕ, ನೀವು ಇದ್ರಲ್ಲಾ ಹಾಸ್ಟೆಲ್ಲು, ಅದಕ್ಕೆ ಎಲ್ಲರೂ ಬರಬಹುದಿತ್ತಾ?"

ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಇದ್ದದ್ದು ನನ್ನ ಸಮುದಾಯದವರೇ ನಡೆಸುವ ವಿದ್ಯಾರ್ಥಿನಿಲಯದಲ್ಲಿ. ಅದಕ್ಕೂ ಒಂದು ಗೌರವದ ಕಥೆಯಿದೆ. ಕಾಲೇಜು, ಕಚೇರಿಗಳೆಲ್ಲ ಒಂದೇ ಜಾತಿಯ ಕೈಯಲ್ಲಿದ್ದ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಪೇಟೆಯಲ್ಲಿ ಒಂದು ಹೊತ್ತಿನ ಅನ್ನ ಸಿಗಲಿ ಎಂದು ಒಂದೊಂದು ಸಮುದಾಯವೂ ಹಾಸ್ಟೆಲ್ ಕಟ್ಟಿತು. ಒಕ್ಕಲಿಗರ ಸಂಘ 1906ರದ್ದು, ಬೆಳಗಾವಿಯ ಕೆಎಲ್‌ಇ 1916ರದ್ದು. ಅಂಥವು ಇಲ್ಲದಿದ್ದರೆ ನನ್ನ ತಾತ ಎಸ್ಸೆಸ್ಸೆಲ್ಸಿ ದಾಟುತ್ತಿರಲಿಲ್ಲ, ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿರಲಿಲ್ಲ. ಆದರೆ ನಾನಿದ್ದ ಎರಡು ವರ್ಷದಲ್ಲಿ ಖಾಲಿ ಬಿದ್ದ ಕೋಣೆಗಳಿದ್ದಾಗಲೂ ನನ್ನ ತರಗತಿಯ ದಲಿತ ಗೆಳತಿ ಊರಾಚೆಯ ಪಿ.ಜಿ.ಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳಿಗೆ ಇಲ್ಲಿ ಒಂದು ಕೋಣೆ ಕೊಡಿ ಎಂದು ನಾನು ವಾರ್ಡನ್ನರನ್ನು ಒಮ್ಮೆಯೂ ಕೇಳಲಿಲ್ಲ. ಕೇಳಬಹುದು ಎಂಬ ಯೋಚನೆಯೇ ಹೊಳೆದಿರಲಿಲ್ಲ. ಫಾರಂನಲ್ಲಿ ಜಾತಿಯ ಕಾಲಂ ಇತ್ತು, ತುಂಬಿದ್ದೆ, ಅಷ್ಟೆ.

"ಇಲ್ಲ," ಅಂದೆ ಅವಳಿಗೆ. "ಬರುವ ಹಾಗಿರಲಿಲ್ಲ."

ಆ ಸಂಜೆ ನಾವಿಬ್ಬರೂ ಕೂತು ಇನ್ನೂರು ಪದಗಳ ಬದಲು ಮೂರು ಪ್ರಶ್ನೆ ಬರೆದೆವು. ವೈವಿಧ್ಯ ಎಂದರೆ ಈ ಮನೆಯಲ್ಲಿ ಎಷ್ಟು ಬಣ್ಣದ ಮುಖಗಳಿವೆ ಎಂಬುದಲ್ಲ. ಬೇಡ ಎನ್ನುವ ಅಧಿಕಾರ ಇಲ್ಲಿ ಯಾರಿಗಿದೆ? ಬೇಡ ಎಂದವರು ಕಾರಣವನ್ನು ಬರೆದು ಸಹಿ ಹಾಕಬೇಕೇ, ಆ ಕಾರಣವನ್ನು ಮನೆಯ ಹೊರಗಿನ ಯಾರಾದರೂ ಓದುತ್ತಾರೆಯೇ? ಓದು ಮುಗಿಸಿ ಹೋದವರಿಗೆ ಈಗ ಓದುತ್ತಿರುವವರ ಮತವನ್ನು ತಳ್ಳಿಹಾಕುವ ಹಕ್ಕು ಇನ್ನೂ ಇದೆಯೇ? ಈ ಮೂರಕ್ಕೆ ಉತ್ತರ ಕೊಡುವ ಸಂಘಕ್ಕೆ ಲೆಹಂಗಾದ ಫೋಟೋ ಬೇಕಾಗುವುದಿಲ್ಲ. ಉತ್ತರ ಕೊಡದ ಸಂಘ ಎಷ್ಟು ಫೋಟೋ ಹಾಕಿದರೂ 2013ರ ಅಲಬಾಮಾದಲ್ಲೇ ಇದೆ. ಅದು ಬಿಳಿಯರದ್ದಾಗಲಿ, ಭಾರತೀಯರದ್ದಾಗಲಿ, ಮೈಸೂರಿನ ನಮ್ಮ ಹಾಸ್ಟೆಲ್ಲಾಗಲಿ.

ಅವಳು ಶುಕ್ರವಾರ ಅದನ್ನೇ ಕಳಿಸಿದಳು. ಸೋಮವಾರ ಉತ್ತರ ಬಂತು: ತುಂಬ ಗಟ್ಟಿಯಾಗಿ ಬರೆದಿದ್ದೀಯ, ನಿನ್ನ ಬಗ್ಗೆ ನಮಗೆ ಹೆಮ್ಮೆಯಿದೆ, ಆದರೆ ಈ ವರ್ಷಕ್ಕೆ ಹೋದ ವರ್ಷದ್ದನ್ನೇ ಹಾಕಿಕೊಳ್ಳುತ್ತೇವೆ. ಫೋಟೋ ಮಾತ್ರ ಮರೆಯದೆ ಕಳಿಸು.

ಅದನ್ನು ತೋರಿಸಲು ಬಂದವಳು ಹೋಗುವಾಗ ಬಾಗಿಲ ಬಳಿ ನಿಂತಳು. "ಅಕ್ಕ, ಈ ಆಗಸ್ಟ್‌ನಲ್ಲಿ ನಾನೂ ಸ್ಕೋರ್ ಹಾಕಿದೆ. ಒಬ್ಬಳು ಕಪ್ಪು ಹುಡುಗಿ ಬಂದಿದ್ದಳು, ಐದು ನಿಮಿಷ ಮಾತಾಡಿದ್ವಿ. ಅವಳಿಗೆ ಎರಡು ಕೊಟ್ಟೆ. ಯಾಕೆ ಕೊಟ್ಟೆ ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ಆ್ಯಪ್‌ನಲ್ಲಿ ಕಾರಣ ಬರೆಯೋಕೆ ಜಾಗನೇ ಇಲ್ಲ."